ಸುಮ್ಮನೆ ನಿಂತಿದ್ದಕ್ಕೆ ಕೂಲಿ

ವಿದ್ಯುತ್ ಸ್ಥಾವರಗಳಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಸಂಬಳ ಎಷ್ಟು ಕೇಳಬೇಕು, ಶಿಫ್ಟು ಹೇಗಿರುತ್ತದೆ, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ವಿಚಾರಿಸುತ್ತಾರೆ. ನಾನು ಹಿರಿಯನ ಗತ್ತಿನಲ್ಲಿ ಉತ್ತರ ಕೊಡುತ್ತಿರುತ್ತೇನೆ. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನಿನ ಸದ್ದು ಸ್ವಲ್ಪ ಇಳಿದರೂ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ, ಕೈ ಕುರ್ಚಿಯ ತೋಳನ್ನು ಹಿಡಿದುಕೊಳ್ಳುತ್ತದೆ. ಇದನ್ನು ಬಹಳ ಸಲ ನೋಡಿರುವ ನನ್ನ ಹೆಂಡತಿ, ಅವರಿಗೆ ಅದೊಂದು ಅಭ್ಯಾಸ, ನೀವು ಕಾಫಿ ಕುಡೀರಿ ಎಂದು ಬಂದವರನ್ನು ಸಮಾಧಾನ ಮಾಡುತ್ತಾಳೆ.

ಅದು ಅಭ್ಯಾಸವಲ್ಲ, ಹೆದರಿಕೆ. ಅದು ಹೇಗೆ ನನ್ನೊಳಗೆ ಬಂದು ಕೂತಿತು ಎಂಬುದನ್ನು ಬರೆದಿಟ್ಟರೆ, ಈ ಕೆಲಸಕ್ಕೆ ಬರುವವರಿಗೆ ಕಾಲೇಜಿನಲ್ಲಿ ಹೇಳಿಕೊಡದ ಒಂದೆರಡು ಸಂಗತಿಗಳಾದರೂ ತಿಳಿಯಬಹುದು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ಎಲ್ಲರಿಗೂ ತಡವಾಗಿಯೇ ಬರುತ್ತವೆ, ಬಂದಾಗ ಎಲ್ಲರೂ ಒಂದೇ ಅಂಗಡಿಯ ಮೈಸೂರು ಪಾಕು ಹಂಚುತ್ತಾರೆ.

ತೊಂಬತ್ತರ ದಶಕದ ಕೊನೆಯಲ್ಲಿ, ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆ, ಗದ್ದೆ ಬಯಲಿನ ಅಂಚಿನಲ್ಲಿ ಭತ್ತದ ಹೊಟ್ಟು ಸುಟ್ಟು ಕರೆಂಟು ಮಾಡುವ ಒಂದು ಸಣ್ಣ ಸ್ಥಾವರವಿತ್ತು. ನಾನು ಅಲ್ಲಿ ಶಿಫ್ಟ್ ಇಂಜಿನಿಯರ್. ಯಜಮಾನರು ಶಿವಣ್ಣನವರು, ರೈಸ್ ಮಿಲ್ಲುಗಳ ಸಾಹುಕಾರರು. ಮಿಲ್ಲಿನ ಹಿಂದೆ ಗುಡ್ಡದಂತೆ ಬೆಳೆಯುತ್ತಿದ್ದ ಹೊಟ್ಟನ್ನು ಪುಕ್ಕಟೆಯಾಗಿ ಒಯ್ಯಿರಪ್ಪಾ ಎಂದು ಇಟ್ಟಿಗೆ ಗೂಡಿನವರನ್ನು ಅವರು ಬೇಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅದರಿಂದ ಕರೆಂಟು ಮಾಡಬಹುದು ಎಂದು ಯಾರೋ ಹೇಳಿದ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ಸ್ಥಾವರ ಕಟ್ಟಿದರು. ನಮ್ಮ ಚಿಮಣಿಯಲ್ಲಿ ಹೊಗೆ ಕಂಡ ಮರುದಿನವೇ ತಾಲ್ಲೂಕಿನ ಉಳಿದ ಮಿಲ್ಲಿನವರೆಲ್ಲ ತಮ್ಮ ಹೊಟ್ಟಿಗೆ ರೇಟು ಕಟ್ಟಿದರು. ಶಿವಣ್ಣನವರು ಇದನ್ನು ಕಲಿಗಾಲ ಎನ್ನುತ್ತಿದ್ದರು. ತಾವೂ ಅಕ್ಕಿಗೆ ಹಾಗೆಯೇ ರೇಟು ಕಟ್ಟುವವರು ಎಂಬುದು ಆಗ ಅವರ ನೆನಪಿಗೆ ಬರುತ್ತಿರಲಿಲ್ಲ.

ಬಾಯ್ಲರನ್ನು ನೋಡಿಕೊಳ್ಳುತ್ತಿದ್ದವರು ರಾವಂದೂರಿನ ತಮ್ಮಯ್ಯ. ಹಿಂದೆ ಆಲೆಮನೆಗಳಲ್ಲಿ ಒಲೆ ಉರಿಸುತ್ತಿದ್ದು, ಆಮೇಲೆ ಪರೀಕ್ಷೆ ಕಟ್ಟಿ ಬಾಯ್ಲರ್ ನಡೆಸುವ ಸರ್ಟಿಫಿಕೇಟು ಪಡೆದವರು. ಊರಿನ ಜಮೀನನ್ನು ತಮ್ಮನಿಗೆ ಬಿಟ್ಟುಕೊಟ್ಟು, ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದು ಹೊಸ ಅಗ್ರಹಾರದಲ್ಲಿ ಬಾಡಿಗೆಗೆ ಇದ್ದರು. ಸ್ಥಾವರ ಮುಚ್ಚಿದರೆ ವಾಪಸು ಹೋಗಲು ಅವರಿಗೆ ಒಲೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಡೆದ ಜಗಳವೆಲ್ಲ ಸ್ಥಾವರ ಉಳಿಯುವುದೋ ಮುಚ್ಚುವುದೋ ಎಂಬುದರ ಸುತ್ತಲೇ ನಡೆಯಿತು. ನನಗೆ ಬೇರೆ ಕಡೆ ಕೆಲಸ ಸಿಗುತ್ತಿತ್ತು. ಶಿವಣ್ಣನವರಿಗೆ ಮಿಲ್ಲುಗಳಿದ್ದವು.

ವಿದ್ಯುತ್ ಕಂಪನಿಯೊಂದಿಗೆ ನಮ್ಮ ಒಪ್ಪಂದ ಸರಳವಾಗಿತ್ತು. ಎಷ್ಟು ಯೂನಿಟ್ಟು ಕರೆಂಟು ಕೊಡುತ್ತೀರೋ ಅಷ್ಟಕ್ಕೆ ದುಡ್ಡು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಮ್ಮಿಂದ ಅವರಿಗೆ ಬೇಕಾಗಿದ್ದುದು ಯೂನಿಟ್ಟು ಮಾತ್ರ ಅಲ್ಲ. ನಮ್ಮ ಕಡೆಯ ಲೈನುಗಳು ಉದ್ದ, ತಂತಿ ತೆಳು. ಕರೆಂಟು ದೂರದಿಂದ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ನಡುವೆ ನಮ್ಮ ಜನರೇಟರ್ ತಿರುಗುತ್ತಿದ್ದರೆ ಅದಕ್ಕೊಂದು ಊರುಗೋಲು ಸಿಕ್ಕಂತೆ. ಪಿರಿಯಾಪಟ್ಟಣದ ಕಡೆಯ ಮೋಟಾರುಗಳು ಸುಡುತ್ತಿರಲಿಲ್ಲ, ಹುಣಸೂರಿನ ಸಬ್‌ಸ್ಟೇಷನ್ನಿನವರು ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ನನ್ನ ಹೆಂಡತಿಯ ತವರು ಎಚ್.ಡಿ. ಕೋಟೆ. ಅಲ್ಲಿಗೆ ಹೋಗುವಾಗ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದು ಒಂದು ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಅಲ್ಲಿನ ಟಿವಿಯಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಗೈಯಗಲ ಆದರೆ, ಹೋಟೆಲಿನವನು ನನ್ನ ಕಡೆ ತಿರುಗಿ, ನಿಮ್ಮೋರು ಒಲೆ ಆರಿಸವ್ರೆ ಅಂತ ಕಾಣ್ತದೆ ಎನ್ನುತ್ತಿದ್ದ. ಬಹಳ ಸಲ ಅವನು ಹೇಳಿದ್ದು ನಿಜವೇ ಆಗಿರುತ್ತಿತ್ತು.

ಮಳೆಗಾಲದಲ್ಲಿ ಅಣೆಕಟ್ಟುಗಳು ತುಂಬಿದಾಗ ಕಂಪನಿಗೆ ನೀರಿನ ಕರೆಂಟು ಅಗ್ಗಕ್ಕೆ ಸಿಗುತ್ತಿತ್ತು. ಆಗ ನಮಗೆ ಫೋನು ಬರುತ್ತಿತ್ತು: ತಗ್ಗಿಸಿ, ಇನ್ನೂ ತಗ್ಗಿಸಿ, ಆದರೆ ನಿಲ್ಲಿಸಬೇಡಿ, ಯಾವಾಗ ಬೇಕಾದರೂ ಕೇಳುತ್ತೇವೆ. ಬಾಯ್ಲರ್ ಎಂದರೆ ಗ್ಯಾಸಿನ ಒಲೆಯಲ್ಲ. ಒಮ್ಮೆ ತಣ್ಣಗಾದರೆ ಮತ್ತೆ ಬಿಸಿಯಾಗಲು ಒಂದು ಹಗಲು ಹಿಡಿಯುತ್ತದೆ. ಆದ್ದರಿಂದ ನಾವು ಹೊಟ್ಟು ಸುಡುತ್ತಾ, ಆಳುಗಳನ್ನು ಇಟ್ಟುಕೊಂಡು, ಹೆಚ್ಚುಕಡಿಮೆ ಏನನ್ನೂ ಮಾರದೆ ಕಾದಿರಬೇಕಿತ್ತು. ಆ ತಿಂಗಳುಗಳಲ್ಲಿ ನಮಗೆ ಸಿಗುತ್ತಿದ್ದ ದುಡ್ಡು ಹೊಟ್ಟಿನ ಲಾರಿ ಬಾಡಿಗೆಗೂ ಸಾಲುತ್ತಿರಲಿಲ್ಲ. ಬೇಸತ್ತು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿದರೆ, ಶುರುಮಾಡಲು ನಾವು ಲೈನಿನಿಂದ ಎಳೆದುಕೊಂಡ ಕರೆಂಟಿಗೆ ಕಾರ್ಖಾನೆಯ ದರದಲ್ಲಿ ಬಿಲ್ಲು, ಅದರ ಮೇಲೆ ದಂಡ.

ಹುಣಸೂರಿನ ಎಕ್ಸಿಕ್ಯೂಟಿವ್ ಇಂಜಿನಿಯರನ್ನು ನಾವು ಇ.ಇ. ಸಾಹೇಬರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಹೋದವರಿಗೆಲ್ಲ ಕಾಫಿ ತರಿಸುವವರು. ಕಾದು ನಿಂತಿದ್ದಕ್ಕೂ ಒಂದು ಕನಿಷ್ಠ ಮೊತ್ತ ಕೊಡಿ ಎಂದು ನಾನೂ ಶಿವಣ್ಣನವರೂ ಅವರ ಮುಂದೆ ಕೂತು ಕೇಳಿದೆವು. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಕರೆಂಟು ಕೊಟ್ಟರೆ ದುಡ್ಡು ಸರಿ," ಎಂದರು. "ಸುಮ್ಮನೆ ನಿಂತಿದ್ದಕ್ಕೆ ಯಾರಾದರೂ ಕೂಲಿ ಕೊಡ್ತಾರೇನ್ರೀ?"

ಅವರ ಕಿಟಕಿಯ ಆಚೆ ಹೊಂಗೆ ಮರದ ನೆರಳಿನಲ್ಲಿ ಅವರ ಜೀಪು ನಿಂತಿತ್ತು. ಒಳಗೆ ಡ್ರೈವರ್ ಕಾಲು ಚಾಚಿ ಮಲಗಿದ್ದ. ಸಾಹೇಬರು ಯಾವಾಗ ಬೇಕಾದರೂ ಹೊರಡಬಹುದು ಎಂದು ಬೆಳಗಿನಿಂದ ಅಲ್ಲೇ ಇದ್ದ. ನಾನು ಅವನನ್ನೇ ನೋಡುತ್ತಾ ಕಾಫಿ ಮುಗಿಸಿದೆ. ತೋರಿಸಿದ್ದರೆ ಸಾಹೇಬರು ಬೇಜಾರು ಮಾಡಿಕೊಳ್ಳುತ್ತಿದ್ದರು, ಡ್ರೈವರನ ನಿದ್ದೆಯೂ ಹಾಳಾಗುತ್ತಿತ್ತು.

ಈಗ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಿಂತದ್ದಕ್ಕೆ ದುಡ್ಡಿಲ್ಲ ಎಂದು ಕಂಪನಿಯನ್ನು ಬೈಯುತ್ತಿದ್ದ ನಮ್ಮ ಶಿವಣ್ಣನವರು, ತಮ್ಮ ಕಾಂಪೌಂಡಿನೊಳಗೆ ಸುಮ್ಮನೆ ನಿಂತದ್ದನ್ನು ಕಂಡರೆ ಸಹಿಸುತ್ತಿರಲಿಲ್ಲ. ಬಾಯ್ಲರಿಗೆ ನೀರು ತಳ್ಳುವ ಪಂಪು ಕರೆಂಟಿನದು. ಕರೆಂಟು ಹೋದರೆ ಅದನ್ನು ನಡೆಸಲು ಒಂದು ಡೀಸೆಲ್ ಎಂಜಿನ್ ಇತ್ತು. ಅದು ವರ್ಷವಿಡೀ ಹೊದಿಕೆ ಹೊದ್ದು ನಿಂತಿರುತ್ತಿತ್ತು. ಶಿವಣ್ಣನವರು ಒಂದು ದಿನ ಅದನ್ನು ಸುತ್ತು ಹಾಕಿ ನೋಡಿ, ಅದರ ಬ್ಯಾಟರಿ ಬಿಚ್ಚಿಸಿ ಹೊಟ್ಟು ತರುವ ಟ್ರ್ಯಾಕ್ಟರಿಗೆ ಹಾಕಿಸಿದರು. ಬಾಯ್ಲರಿನಲ್ಲಿ ನೀರು ತೀರ ಇಳಿದರೆ ತಾನಾಗಿ ಹೊಟ್ಟು ನಿಲ್ಲಿಸುವ ಒಂದು ಸಾಧನವಿತ್ತು. ಅದು ಕೆಟ್ಟಾಗ ಬೆಂಗಳೂರಿಗೆ ರಿಪೇರಿಗೆ ಕಳಿಸಿದರು. ರಿಪೇರಿಯ ದುಡ್ಡು ಹೋಗಲಿಲ್ಲ, ಸಾಧನ ಬರಲಿಲ್ಲ. ನಾನು ಹೋಗಿ ಕೇಳಿದಾಗಲೆಲ್ಲ ಅವರ ಉತ್ತರ ಒಂದೇ.

"ಕೆಲಸ ಮಾಡೋ ಸಾಮಾನಿಗೆ ದುಡ್ಡು ಹಾಕೋಣ ಇಂಜಿನಿಯರ್ರೇ. ಸುಮ್ನೆ ನಿಂತಿರೋದು ನಿಂತಿರ್ಲಿ ಬುಡಿ, ಅದೇನ್ ಅನ್ನ ಕೇಳ್ತದಾ?"

ಹುಣಸೂರಿನಲ್ಲಿ ಕೇಳಿದ್ದ ಮಾತೇ. ಭಾಷೆ ಮಾತ್ರ ಸ್ವಲ್ಪ ಬೇರೆ.

ಈ ಜಗಳದಲ್ಲಿ ಮೂರನೆಯವರು ಸಣ್ಣೇಗೌಡರು. ಪಕ್ಕದ ಹಳ್ಳಿಯ ಜಮೀನುದಾರರು. ಅವರಿಗೆ ನಾಲೆಯ ಕೆಳಗೆ ಗದ್ದೆ, ಮೇಲೆ ಬೋರ್‌ವೆಲ್ಲಿನ ಹೊಲ. ಆ ಕಾಲದಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟನ್ನು ಪಾಳಿಯ ಮೇಲೆ ಕೆಲವು ಗಂಟೆ ಮಾತ್ರ ಕೊಡುತ್ತಿದ್ದರು. ಉಳಿದ ಹೊತ್ತಿನಲ್ಲಿ ಸಿಂಗಲ್ ಫೇಸ್, ಅಂದರೆ ಮನೆಯ ದೀಪಕ್ಕೆ ಮಾತ್ರ. ನಮ್ಮ ಕಡೆಯ ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಸ್ಟಾರ್ಟರಿನ ಪಕ್ಕದಲ್ಲಿ ಒಂದು ಕಂಡೆನ್ಸರ್ ಡಬ್ಬಿ ಕಟ್ಟಿದರೆ ದೀಪದ ಕರೆಂಟಿನಲ್ಲೇ ಪಂಪು ಓಡುತ್ತದೆ. ನರಳುತ್ತದೆ, ಬಿಸಿಯಾಗುತ್ತದೆ, ಆದರೆ ನೀರು ಎತ್ತುತ್ತದೆ. ಕೆ.ಆರ್. ನಗರದ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಬಲ್ಬಿಗಿಂತ ಹೆಚ್ಚು ಕಂಡೆನ್ಸರ್ ಮಾರಾಟವಾಗುತ್ತಿದ್ದವು.

ಇದರಿಂದ ಲೈನಿನ ಒಂದು ಕಡೆಗೇ ಭಾರ ಬಿದ್ದು ನಮ್ಮ ಜನರೇಟರ್ ನಡುಗುತ್ತಿತ್ತು. ನಾನು ದೂರು ಕೊಟ್ಟೆ. ಇ.ಇ. ಸಾಹೇಬರು ಜೀಪಿನಲ್ಲಿ ತಪಾಸಣೆಗೆ ಬಂದರು, ನನ್ನನ್ನೂ ಹತ್ತಿಸಿಕೊಂಡರು. ಜೀಪು ಊರಿನ ಅರಳಿಕಟ್ಟೆ ದಾಟುವಷ್ಟರಲ್ಲಿ ಹೊಲ ಹೊಲದಲ್ಲೂ ಹೆಂಗಸರು ಮಂಕರಿ ಹೊತ್ತು ಹುಲ್ಲಿನ ಮೆದೆಯ ಕಡೆ ನಡೆಯುತ್ತಿದ್ದರು. ಒಂದೊಂದು ಮಂಕರಿಯ ಮೇಲೂ ಒಂದು ಹಿಡಿ ಸೊಪ್ಪು, ಅದರ ಕೆಳಗೆ ಕಂಡೆನ್ಸರ್. ಪಂಪುಮನೆಗಳ ಗೋಡೆಗಳಲ್ಲಿ ಡಬ್ಬಿ ಕಟ್ಟಿದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಸಾಹೇಬರು ಎಲ್ಲವನ್ನೂ ನೋಡಿದರು. ಸಣ್ಣೇಗೌಡರು ಎಳನೀರು ಕೆತ್ತಿಸಿ, ಕಂಡೆನ್ಸರ್ರಾ, ಅಂಗಂದ್ರೇನು ಸ್ವಾಮಿ ಎಂದು ಕೇಳಿದರು. ಸಾಹೇಬರು ಎಳನೀರು ಕುಡಿದು, ಕೈ ಒರೆಸಿಕೊಂಡು, ಈ ಫೀಡರಿನಲ್ಲಿ, ಅಂದರೆ ಈ ಊರಿಗೆ ಕರೆಂಟು ತರುವ ಲೈನಿನಲ್ಲಿ, ಕಂಡೆನ್ಸರ್ ಹಾವಳಿ ನಿರ್ಮೂಲವಾಗಿದೆ ಎಂದು ವರದಿ ಕಳಿಸಿದರು. ನಾವು ಹೊರಟ ಜೀಪಿನ ಧೂಳು ಅಡಗುವ ಮೊದಲೇ ನಮ್ಮ ಹಿಂದೆ ಪಂಪುಗಳ ಸದ್ದು ಶುರುವಾಗಿತ್ತು. ಸಾಹೇಬರು ಕೇಳಿಸಿಕೊಂಡು ನಕ್ಕರು. ನಾನೂ ನಕ್ಕೆ.

ಇದಾದ ಕೆಲವು ತಿಂಗಳಿಗೆ ಮೇಲಿನಿಂದ ಒಂದು ಆದೇಶ ಬಂತು. ಎಲ್ಲ ಕಡೆ ಕರೆಂಟು ಹೋದರೂ ಸಣ್ಣ ಸ್ಥಾವರಗಳು ತಮ್ಮ ಸುತ್ತಲಿನ ಜಾಗವನ್ನು ತಾವೇ ಹಿಡಿದು ನಿಲ್ಲಿಸಬೇಕು, ನೆರೆ ನೀರಿನ ನಡುವಿನ ನಡುಗಡ್ಡೆಯಂತೆ. ನಮ್ಮ ಪಾಲಿಗೆ ಕೆ.ಆರ್. ನಗರದ ಆಸ್ಪತ್ರೆ ಮತ್ತು ಊರಿನ ನೀರಿನ ಟ್ಯಾಂಕು ಬಂದವು. ಅಷ್ಟನ್ನು ನಾವು ಹೊರಬಲ್ಲೆವು. ಆದರೆ ಸಣ್ಣೇಗೌಡರು ಮನವಿ ಕೊಟ್ಟರು. ಸ್ಥಾವರದ ಬೂದಿ ಬೀಳುವುದು ನಮ್ಮ ಜಗುಲಿಯ ಮೇಲೆ, ದೀಪ ಉರಿಯುವುದು ಪೇಟೆಯವರಿಗೆ, ಇದ್ಯಾವ ನ್ಯಾಯ ಎಂದು ಕೇಳಿದರು. ಮಾತು ನಿಜವಾಗಿತ್ತು. ಬೂದಿ ನಿಜಕ್ಕೂ ಅವರ ಜಗುಲಿಯ ಮೇಲೆಯೇ ಬೀಳುತ್ತಿತ್ತು. ಸಾಹೇಬರು ಅವರ ಊರಿನ ಫೀಡರನ್ನೂ ನಡುಗಡ್ಡೆಗೆ ಸೇರಿಸಿದರು.

ನಾನು ಆಕ್ಷೇಪಿಸಿದೆ. ಮಧ್ಯಾಹ್ನದ ಮೇಲೆ ಆ ಫೀಡರಿಗೆ ಇರುವುದು ಸಿಂಗಲ್ ಫೇಸ್, ದೀಪ ಬಿಟ್ಟರೆ ಬೇರೇನೂ ಇಲ್ಲವಲ್ಲ ಎಂದರು ಸಾಹೇಬರು. ಕಂಡೆನ್ಸರ್ ಎಂದೆ. ಅವು ನಿರ್ಮೂಲವಾಗಿವೆಯಲ್ಲ, ನೀವೇ ಜೊತೆಗೆ ಬಂದಿದ್ದಿರಿ ಎಂದರು. ಸಾಹೇಬರು ತಮಾಷೆ ಮಾಡುತ್ತಿರಲಿಲ್ಲ. ತಾವು ಬರೆದದ್ದನ್ನು ಅಷ್ಟರಲ್ಲಿ ತಾವೇ ನಂಬಿದ್ದರು. ಹೀಗೆ ಸಿದ್ಧವಾಗಿ ಇರುವುದಕ್ಕೆ ಪ್ರತ್ಯೇಕ ಹಣವಿದೆಯೇ ಎಂದು ಶಿವಣ್ಣನವರು ಕೇಳಿದಾಗ, ಮೊದಲು ಮಾಡಿ ತೋರಿಸಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು.

ಮಾಡಿ ತೋರಿಸುವ ದಿನ ಬೇಸಿಗೆಯ ಒಂದು ಮಧ್ಯಾಹ್ನ ಬಂತು.

ದೂರದಲ್ಲೆಲ್ಲೋ ದೊಡ್ಡ ಲೈನು ಬಿತ್ತು. ನಮ್ಮ ಟರ್ಬೈನ್ ಒಮ್ಮೆ ಎಗರಿದಂತೆ ಸದ್ದು ಮಾಡಿ ಹಿಡಿತಕ್ಕೆ ಬಂತು. ಸಬ್‌ಸ್ಟೇಷನ್ನಿನವರು ಯೋಜನೆಯಂತೆ ಉಳಿದ ಫೀಡರುಗಳನ್ನು ಕತ್ತರಿಸಿದರು. ಸುತ್ತ ನಾಲ್ಕು ತಾಲ್ಲೂಕಿಗೆ ಕರೆಂಟಿಲ್ಲದಿದ್ದಾಗ ನಾವು ಮಾತ್ರ ಓಡುತ್ತಿದ್ದೆವು. ಕಂಟ್ರೋಲ್ ರೂಮಿನಲ್ಲಿ ನಾನು ಒಬ್ಬನೇ ಇದ್ದೆ. ಒಂದು ಕ್ಷಣ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಸದ್ದು ಇಳಿಯಲು ಶುರುವಾಯಿತು.

ಹೊಲಗಳಲ್ಲಿ ಕರೆಂಟು ಕಣ್ಣು ಮಿಟುಕಿಸಿ ಮತ್ತೆ ಬಂದಿತ್ತಲ್ಲ, ಇದು ಇನ್ನೆಷ್ಟು ಹೊತ್ತು ಇರುತ್ತದೋ ಎಂದು ಜನ ಪಂಪುಮನೆಗಳಿಗೆ ಓಡಿದ್ದರು. ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ದೀಪ ಮಾತ್ರ ಇರಬೇಕಾದ ಫೀಡರು ಒಂದೊಂದಾಗಿ ಪಂಪುಗಳನ್ನು ನಮ್ಮ ಮೇಲೆ ಹೇರುತ್ತಿದೆ. ಜನರೇಟರಿನ ಗುಂಯ್‌ಗುಡುವಿಕೆ ಮೆಲ್ಲಗೆ ದಪ್ಪವಾಗುತ್ತಾ, ಕೆಳಗಿಳಿಯುತ್ತಾ ಹೋಯಿತು. ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಆ ಫೀಡರ್ ತೆಗೆಯಿರಿ ಎಂದೆ. ಆ ಕಡೆಯ ಆಪರೇಟರ್ ಬಹಳ ಮರ್ಯಾದೆಯಿಂದ, "ಅದ್ರಲ್ಲಿ ಬರೀ ದೀಪ ಅಲ್ವಾ ಸಾರ್, ಅದನ್ನ ತೆಗೆದ್ರೆ ನಿಮಗೇನ್ ಸಿಗ್ತದೆ?" ಎಂದರು. ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟರು.

ಜನರೇಟರ್ ನಿಧಾನವಾದರೆ ಅದರ ಕರೆಂಟಿನಿಂದಲೇ ತಿರುಗುವ ನಮ್ಮ ನೀರಿನ ಪಂಪೂ ನಿಧಾನವಾಗುತ್ತದೆ. ಸ್ವಲ್ಪ ನಿಧಾನವಾದರೂ ಸಾಕು, ಬಾಯ್ಲರಿನ ಒತ್ತಡಕ್ಕೆ ಎದುರಾಗಿ ನೀರು ತಳ್ಳಲು ಅದಕ್ಕೆ ಆಗುವುದಿಲ್ಲ. ಒಳಗೆ ಬೆಂಕಿ ಹಾಗೆಯೇ ಉರಿಯುತ್ತಿರುತ್ತದೆ, ನೀರು ಆವಿಯಾಗುತ್ತಿರುತ್ತದೆ, ಹೊಸ ನೀರು ಬರುವುದಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ತಮ್ಮಯ್ಯ ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮುಂದೆ ನಿಂತಿದ್ದರು. ನಾನು ಓಡಿಹೋಗಿ ನೋಡುವಾಗ ನೀರು ಗಾಜಿನ ತಳದಲ್ಲಿ ಅಲುಗುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಕಾಣದಾಯಿತು. ಈಗಲೂ ಕಣ್ಣು ಮುಚ್ಚಿದರೆ ಆ ನೀರು ಇಳಿಯುವುದು ಕಾಣುತ್ತದೆ. ಬಹಳ ಸಮಾಧಾನವಾಗಿ ಇಳಿಯಿತು. ಯಾರಿಗೂ ತೊಂದರೆ ಕೊಡುವ ಉದ್ದೇಶ ಇಲ್ಲದ ಹಾಗೆ.

"ಸಾರ್, ಗಾಜು ಖಾಲಿ," ಎಂದರು ತಮ್ಮಯ್ಯ.

ವಾಪಸು ಓಡಿ ಬ್ರೇಕರ್ ಎಳೆದು ಟರ್ಬೈನನ್ನೇ ನಿಲ್ಲಿಸಿದೆ. ನಡುಗಡ್ಡೆ ಮುಳುಗಿತು. ಆಸ್ಪತ್ರೆಗೂ ಇಲ್ಲ, ನಮಗೂ ಇಲ್ಲ. ನಮ್ಮ ನೀರಿನ ಪಂಪು, ಹೊಗೆ ಎಳೆಯುವ ಫ್ಯಾನು ಎಲ್ಲವೂ ನಿಂತವು. ಡೀಸೆಲ್ ಎಂಜಿನ್ ಶುರು ಮಾಡಲು ಹೋದವರು ಹೊದಿಕೆ ಎತ್ತಿ ಹಾಗೆಯೇ ಇಳಿಸಿದರು. ಅದರ ಬ್ಯಾಟರಿ ಟ್ರ್ಯಾಕ್ಟರಿನಲ್ಲಿತ್ತು, ಟ್ರ್ಯಾಕ್ಟರು ಹೊಟ್ಟು ತರಲು ಪೇಟೆಗೆ ಹೋಗಿತ್ತು. ಹೊಟ್ಟು ಬೀಳುವುದು ನಿಂತರೂ ಒಲೆಯೊಳಗೆ ಬಿದ್ದಿದ್ದ ರಾಶಿ ಉರಿಯುತ್ತಲೇ ಇತ್ತು. ಅದನ್ನು ಹೊರಗೆಳೆಯದೆ ಬೇರೆ ದಾರಿ ಇರಲಿಲ್ಲ. ತಮ್ಮಯ್ಯ ಮತ್ತು ಇನ್ನಿಬ್ಬರು ಒಲೆಯ ಬಾಗಿಲು ತೆಗೆದು ಉದ್ದ ಗೋರುಮಣೆಗಳಿಂದ ಕೆಂಡ ಎಳೆಯತೊಡಗಿದರು. ಹೊಗೆ ಎಳೆಯುವ ಫ್ಯಾನು ನಿಂತಿದ್ದರಿಂದ ಉರಿ ಚಿಮಣಿಯ ಕಡೆ ಹೋಗದೆ ಬಾಗಿಲಿನಿಂದಲೇ ಹೊರಕ್ಕೆ ನುಗ್ಗಿತು. ಮುಂದೆ ನಿಂತಿದ್ದವರು ತಮ್ಮಯ್ಯ. ಅವರು ಹಿಂದಕ್ಕೆ ಬಿದ್ದರು. ಎದ್ದರು. ಎಡಗೈಯಲ್ಲಿ ಗೋರುಮಣೆ ಹಿಡಿದು ಮತ್ತೆ ಎಳೆದರು. ಬಲಗೈಯ ಚರ್ಮ ಅಂಗಿಯ ತೋಳಿನ ಜೊತೆಗೇ ಹೋಗಿತ್ತು.

ಅಷ್ಟರಲ್ಲಿ ಶಿವಣ್ಣನವರು ಜೀಪಿನಲ್ಲಿ ಬಂದರು. ಅವರ ಜೀಪಿನ ಬ್ಯಾಟರಿಯನ್ನೇ ಬಿಚ್ಚಿ ಡೀಸೆಲ್ ಎಂಜಿನಿಗೆ ಹಾಕಿದರು, ಎಂಜಿನ್ ಶುರುವಾಯಿತು. ಈಗ ನೀರಿತ್ತು. ಒಂದು ವಾಲ್ವ್ ತಿರುಗಿಸಿದರೆ ಬಾಯ್ಲರಿಗೆ ಹೋಗುತ್ತಿತ್ತು. ಗಾಜಿನಲ್ಲಿ ನೀರು ಕಾಣದೆ ಇರುವಾಗ ಕಾದು ಕೆಂಪಾಗಿರಬಹುದಾದ ಕೊಳವೆಗಳಿಗೆ ತಣ್ಣೀರು ಬಿಟ್ಟರೆ ಬಾಯ್ಲರ್ ಬಾಂಬಿನಂತೆ ಸಿಡಿಯುತ್ತದೆ ಎಂದು ಅದನ್ನು ಕಂಡವರಿಗೆಲ್ಲ ಗೊತ್ತು. ಶಿವಣ್ಣನವರಿಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವರಿಗೆ ಬಾಯ್ಲರ್ ಕಾಣಲಿಲ್ಲ, ಬ್ಯಾಂಕಿನ ಸಾಲ ಕಂಡಿತು. ನೀರು ಬಿಡಿ, ನನ್ನ ಬಾಯ್ಲರ್ ಸುಟ್ಟುಹೋಗುತ್ತದೆ ಎಂದು ವಾಲ್ವಿನ ಕಡೆ ನುಗ್ಗಿದರು. ನಾನು ವಾಲ್ವಿನ ಚಕ್ರವನ್ನು ಎರಡೂ ಕೈಗಳಿಂದ ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟೆ.

"ಬುಡ್ರೀ ಕೈನ. ಯಾರ್ದು ಇದು, ನಿಮ್ದಾ?"

"ನಿಮ್ಮದೇ ಸಾಹುಕಾರ್ರೇ. ಆದರೆ ಈಗ ನೀರು ಬಿಟ್ಟರೆ ನಾಳೆ ಯಾರದ್ದು ಯಾವುದು ಅಂತ ಗದ್ದೆಯಲ್ಲಿ ಹುಡುಕಬೇಕಾಗುತ್ತೆ."

ಇದನ್ನು ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ತಲೆಯ ಮೇಲೆ ಸೇಫ್ಟಿ ವಾಲ್ವ್ ತೆರೆದುಕೊಂಡು ಆವಿ ಅರಚುತ್ತಿತ್ತು. ಆ ಅರಚಾಟ ಮೆಲ್ಲಗೆ ತಗ್ಗಿ, ನಿಂತು, ಬಾಯ್ಲರ್ ಟಿಕ್ ಟಿಕ್ ಎಂದು ತಣ್ಣಗಾಗುವ ಸದ್ದು ಕೇಳಿಸುವವರೆಗೂ ನಾನು ಕೈ ಬಿಡಲಿಲ್ಲ. ಆಮೇಲೆ ಯಾರೋ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ತಮ್ಮಯ್ಯನವರನ್ನು ಕೆ.ಆರ್. ನಗರದ ಆಸ್ಪತ್ರೆಗೆ ಸೇರಿಸಿದೆವು. ನಾವು ಉಳಿಸಬೇಕಾಗಿದ್ದ ಆಸ್ಪತ್ರೆ ಅದೇ. ಕರೆಂಟಿರಲಿಲ್ಲ. ಅವರ ಹೆಂಡತಿ ಮೊರದಿಂದ ಗಾಳಿ ಹಾಕುತ್ತಾ ಕೂತಿದ್ದರು.

ಆ ತಿಂಗಳು ಕಂಪನಿಯಿಂದ ನಮಗೆ ಎರಡು ಬಂದವು. ಮೊದಲನೆಯದು ಲೆಕ್ಕ. ನಡುಗಡ್ಡೆಯಾಗಿ ನಿಂತಷ್ಟು ಹೊತ್ತು ನಾವು ಕೊಟ್ಟ ಯೂನಿಟ್ಟಿಗೆ ಎಂದಿನ ದರದಲ್ಲಿ ಹಣ, ಆಮೇಲೆ ಲೈನು ಬಂದಾಗ ಸ್ಥಾವರದ ಪಂಪು ದೀಪಗಳಿಗಾಗಿ ನಾವು ಎಳೆದುಕೊಂಡ ಕರೆಂಟಿಗೆ ಕಾರ್ಖಾನೆ ದರ. ಕಳೆದು ನೋಡಿದರೆ ನಾವೇ ಅವರಿಗೆ ಕೊಡಬೇಕಾಗಿತ್ತು. ಎರಡನೆಯದು ಹುಣಸೂರಿನಲ್ಲಿ ಸನ್ಮಾನ. ವೇದಿಕೆಯ ಮೇಲೆ ನನಗೂ ತಮ್ಮಯ್ಯನವರಿಗೂ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ತಮ್ಮಯ್ಯನವರ ಬಲಗೈ ಪೂರ್ತಿ ಬ್ಯಾಂಡೇಜಿನಲ್ಲಿದ್ದುದರಿಂದ ಶಾಲನ್ನು ಒಂದೇ ಹೆಗಲಿಗೆ ಹಾಕಿದರು. ಇ.ಇ. ಸಾಹೇಬರು ಮಾತನಾಡಿ, ಇಂಥ ಸೇವೆಗೆ ಬೆಲೆ ಕಟ್ಟಲಾಗದು ಎಂದರು. ಕಟ್ಟಲೂ ಇಲ್ಲ.

ಬಾಯ್ಲರಿನ ಕೊಳವೆಗಳು ಬಾಗಿದ್ದವು. ರಿಪೇರಿಗೆ ಬ್ಯಾಂಕು ಮತ್ತೆ ಸಾಲ ಕೊಡಬೇಕಿತ್ತು. ಕಾದು ನಿಲ್ಲುವುದಕ್ಕೂ ಹಣ ಸಿಗುತ್ತದೆ ಎಂಬ ಆದೇಶ ತಂದರೆ ಕೊಡುತ್ತೇವೆ ಎಂದರು ಬ್ಯಾಂಕಿನವರು. ಅದೇ ಹೊತ್ತಿಗೆ ಕರೆಂಟಿನ ದರ ನಿಗದಿ ಮಾಡುವ ಅಹವಾಲು ಸಭೆ ಮೈಸೂರಿನಲ್ಲಿ ಇತ್ತು. ಶಿವಣ್ಣನವರು ನನ್ನನ್ನೇ ಮಾತನಾಡಲು ಕಳಿಸಿದರು. ತ್ರಾಣವಿಲ್ಲದ ತಮ್ಮಯ್ಯನವರೂ ಬಸ್ಸು ಹತ್ತಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ಅವರಿಗೆ ಸ್ಥಾವರ ಮತ್ತೆ ಉರಿಯಬೇಕಿತ್ತು, ಅಷ್ಟೇ.

ನಾನು ಆ ದಿನ ಚೆನ್ನಾಗಿಯೇ ಮಾತನಾಡಿದೆ ಎಂದು ಎಲ್ಲರೂ ಹೇಳಿದರು. ನಮ್ಮ ಊರುಗಳಲ್ಲಿ ಕೆರೆಯ ತೂಬು ಕಾಯುವ ನೀರುಗಂಟಿಗೆ ಹಿಂದೆ ಸುಗ್ಗಿಯಲ್ಲಿ ಆಯ ಅಂತ ಭತ್ತ ಅಳೆದು ಕೊಡುತ್ತಿದ್ದರು, ಎಷ್ಟು ಸಲ ತೂಬು ಎತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಮಳೆ ಹೆಚ್ಚಾಗಿ ತೂಬು ಎತ್ತದ ವರ್ಷವೂ ಆಯ ತಪ್ಪುತ್ತಿರಲಿಲ್ಲ, ಕಟ್ಟೆಯ ಮೇಲೆ ಅವನಿದ್ದಾನೆ ಎಂಬುದಕ್ಕೇ ಆ ಭತ್ತ ಎಂದೆ. ಸಭೆಯ ಅಧ್ಯಕ್ಷರು ತಲೆಯಾಡಿಸಿ ಬರೆದುಕೊಂಡರು. ದರ ಏರಿಕೆಯನ್ನು ವಿರೋಧಿಸಲು ಬಂದಿದ್ದ ಸಣ್ಣೇಗೌಡರು ಎದ್ದು ನಿಂತರು.

"ಆಯ ಕೊಡೋದು ನಿಲ್ಸಿ ಯಾವ್ ಕಾಲ ಆಯ್ತು ಸ್ವಾಮಿ," ಎಂದರು. "ಈಗ ನೀರುಗಂಟಿನೂ ಇಲ್ಲ, ಕೆರೇಲಿ ನೀರೂ ಇಲ್ಲ. ಅದ್ಕೇ ತಾನೆ ನಾವು ಬೋರು ಹೊಡ್ಸಿರೋದು."

ಸಭೆ ನಕ್ಕಿತು. ಗೌಡರು ನಗಲಿಲ್ಲ. ಹಿಂದಿನ ಸಾಲಿನ ಕಡೆ ನೋಡಿ ಮುಂದುವರಿಸಿದರು.

"ಆ ತಮ್ಮಯ್ಯನ ಕೈ ಸುಟ್ಟಿದ್ದು ನಮ್ಮ ಪಂಪಿನಿಂದ ಅಂತವ್ರೆ. ಇರಬೌದು. ಅವ್ರಿಗೆ ಏನ್ ಕೊಡ್ಬೇಕೋ ಕೊಡಿ. ನಮ್ ಬಿಲ್ಲಿಗೆ ಮಾತ್ರ ಸೇರಿಸ್ಬೇಡಿ."

ಆ ಮಾತಿನ ಮೊದಲ ಭಾಗಕ್ಕೆ ನಾನು ಇಂದಿಗೂ ಅವರಿಗೆ ಋಣಿ. ಎರಡನೆಯ ಭಾಗದ ಬಗ್ಗೆ ಹೇಳುವುದಾದರೆ, ಆ ದಿನ ಸಭೆಯಲ್ಲಿದ್ದ ಎಲ್ಲರ ಅಭಿಪ್ರಾಯವೂ ಅದೇ ಆಗಿತ್ತು. ಸ್ಥಾವರ ಕಾದು ನಿಂತಿರಬೇಕು, ಹಣ ಎಲ್ಲಿಂದಲೋ ಬರಬೇಕು.

ಆದೇಶ ನಮ್ಮ ಪರವಾಗಿಯೇ ಬಂತು. ಸಿದ್ಧವಾಗಿ ನಿಲ್ಲುವ ಸ್ಥಾವರಕ್ಕೆ ನ್ಯಾಯವಾದ ಪರಿಹಾರ ಕೊಡುವುದು ಅಗತ್ಯ ಎಂದು ತತ್ವಶಃ ಒಪ್ಪಲಾಗಿದೆ ಎಂದು ಅದರಲ್ಲಿತ್ತು. ಓದುತ್ತಾ ನನ್ನ ಕಣ್ಣು ತುಂಬಿತು. ಮುಂದಿನ ವಾಕ್ಯದಲ್ಲಿ ಷರತ್ತು ಇತ್ತು. ಪರಿಹಾರ ಕೇಳುವ ಸ್ಥಾವರ ಅದಕ್ಕೆ ಮೊದಲು ಒಂದು ವರ್ಷ ಸತತವಾಗಿ ಸಿದ್ಧವಾಗಿದ್ದು ತೋರಿಸಬೇಕು. ನಮ್ಮ ಬಾಯ್ಲರಿನ ಕೊಳವೆಗಳು ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದವು. ಬ್ಯಾಂಕಿನವರು ಆದೇಶವನ್ನು ಗೌರವದಿಂದ ಓದಿ, ಷರತ್ತಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ವಾಪಸು ಕೊಟ್ಟರು. ಸ್ಥಾವರ ಮುಚ್ಚಿತು. ನಾನು ಬೇರೆ ಜಿಲ್ಲೆಗೆ, ಬೇರೆ ಕೆಲಸಕ್ಕೆ ಹೋದೆ.

ಆದ್ದರಿಂದ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟು. ನೀವು ಸೇರುವ ಸ್ಥಾವರ ಎಷ್ಟು ಮೆಗಾವ್ಯಾಟಿನದು ಎಂದು ಕೇಳುವ ಮೊದಲು, ಅದು ಕಾದು ನಿಂತಾಗ ಅದರ ಖರ್ಚು ಯಾರು ಹೊರುತ್ತಾರೆ ಎಂದು ಕೇಳಿ. ಯಾರೂ ಇಲ್ಲ ಎಂದಾದರೆ ಒಳಗೆ ಹೋಗಿ ಬ್ಯಾಟರಿ ಇದೆಯೇ ನೋಡಿ. ಸಿದ್ಧತೆಗೆ ಹೋಗದ ಹಣ ಎಲ್ಲಿಯೋ ಒಂದು ಕಡೆ ಉಳಿತಾಯದಂತೆ ಕಾಣುತ್ತಿರುತ್ತದೆ. ಅದರ ಮುಂದೆ, ಒಲೆಯ ಬಾಗಿಲಿಗೆ ತಮ್ಮಯ್ಯ ನಿಂತ ಹಾಗೆ, ಯಾವಾಗಲೂ ಯಾರೋ ಒಬ್ಬರು ನಿಂತಿರುತ್ತಾರೆ.

ಕೆಲವು ವರ್ಷಗಳ ನಂತರ ಒಂದು ಮದುವೆಗೆಂದು ಹೊಸ ಅಗ್ರಹಾರಕ್ಕೆ ಹೋದವನು ಆ ಕಡೆ ನಡೆದೆ. ಬ್ಯಾಂಕು ಸ್ಥಾವರವನ್ನು ವಶಕ್ಕೆ ತೆಗೆದುಕೊಂಡು ಹರಾಜಿಗೆ ಇಟ್ಟಿತ್ತು, ಕೊಳ್ಳುವವರು ಬಂದಿರಲಿಲ್ಲ. ಗೇಟಿನ ಒಳಗೆ, ಹೊಟ್ಟಿನ ಶೆಡ್ಡಿನ ನೆರಳಿನಲ್ಲಿ ಖಾಕಿ ಅಂಗಿ ಹಾಕಿಕೊಂಡು ತಮ್ಮಯ್ಯ ಕುರ್ಚಿಯ ಮೇಲೆ ಕೂತಿದ್ದರು. ಬ್ಯಾಂಕಿನವರು ಕಾವಲಿಗೆ ಇಟ್ಟುಕೊಂಡಿದ್ದರು. ಬಲಗೈ ಪೂರ್ತಿ ಮಡಚಲು ಬರುತ್ತಿರಲಿಲ್ಲ. ದೊಡ್ಡ ಮಗಳು ನರ್ಸಿಂಗ್ ಓದುತ್ತಿದ್ದಾಳೆ ಎಂದರು. ಸಂಬಳ ಸರಿಯಾಗಿ ಬರುತ್ತದೆಯೇ ಎಂದು ಕೇಳಿದೆ.

"ಒಂದನೇ ತಾರೀಕು ಬಂತು ಅಂದ್ರೆ ಬಂತು ಸಾರ್. ಏನೂ ಮಾಡ್ಬೇಡ, ಇಲ್ಲೇ ಇರು, ಏನಾರ ಆದ್ರೆ ಫೋನ್ ಮಾಡು ಅಂದವ್ರೆ. ಅಷ್ಟೇ ಕೆಲ್ಸ."

ಇದುವರೆಗೆ ಏನಾದರೂ ಆಗಿದೆಯೇ ಎಂದೆ.

"ಏನೂ ಆಗಿಲ್ಲ. ಏನೂ ಆಗ್ಲಿಲ್ಲ ಅಂತ ಒಂದ್ ತಿಂಗ್ಳೂ ಸಂಬ್ಳ ಹಿಡ್ಕಂಡಿಲ್ಲ ಕಣ್ರೀ ಸಾರ್."

ಹೊರಟಾಗ ನನ್ನನ್ನು ಬಸ್ಸಿಗೆ ಹತ್ತಿಸುತ್ತೇನೆ ಎಂದು ಜೊತೆಗೆ ಬಂದರು. ಗೇಟಿನ ಹತ್ತಿರ ನಿಂತುಬಿಟ್ಟರು. ಅಲ್ಲಿಂದ ಆಚೆಗೆ ಬಂದರೆ ಕೆಲಸ ಬಿಟ್ಟು ಹೋದಂತಾಗುತ್ತದೆ ಎಂದು ಹೇಳಿ, ಒಳಗಿನಿಂದಲೇ ಎಡಗೈ ಎತ್ತಿದರು.